ಒಂದೇ ಜಿಲ್ಲೆ, ಎರಡು ದುಡಿಮೆ



ದೀಪಾವಳಿ ಸಮೀಪಿಸಿತೆಂದರೆ ನಮ್ಮ ಜತ್ತ ತಾಲೂಕಿನ ಹಳ್ಳಿಗಳಿಂದ ಕಬ್ಬು ಕಡಿಯುವ ಟೋಳಿಗಳು ಹೊರಡುವುದು ನಿಮಗೆ ಹೊಸದಲ್ಲ. ಗಂಡ ಹೆಂಡತಿ ಸೇರಿ ಒಂದು ‘ಕೋಯತಾ’. ಮುಕಾದಮನ ಕಡೆಯಿಂದ ಮೊದಲೇ ಉಚಲ್ ತಗೊಂಡು ಐದಾರು ತಿಂಗಳು ಹೊರಗೆ ದುಡಿಯಬೇಕು. ಆದರೆ ಇದೇ ಸಾಂಗಲಿ ಜಿಲ್ಲೆಯ ಪಶ್ಚಿಮ ಭಾಗಕ್ಕೆ ಹೋಗಿ ನೋಡ್ರಿ, ಅಲ್ಲಿ ಕೆಲಸಕ್ಕೆ ಆಳು ಸಿಗೋದಿಲ್ಲ ಅಂತಾರೆ. ಒಂದು ಕಡೆ ಕೆಲಸ ಆಳನ್ನು ಹುಡುಕುತ್ತದೆ, ಇನ್ನೊಂದು ಕಡೆ ಆಳು ಕೆಲಸವನ್ನು ಹುಡುಕುತ್ತಾನೆ. ‘ನಮ್ಮ ನಸೀಬ’ ಎಂದು ನಮ್ಮ ಹಿರಿಯರು ಇದಕ್ಕೆ ಹೆಸರಿಟ್ಟರು. ಇತಿಹಾಸ ಓದಿದರೆ ಇದು ನಸೀಬ ಅಲ್ಲ ಎಂಬುದು ತಿಳಿಯುತ್ತದೆ.

1948ರವರೆಗೆ ಜತ್ತ ಡಫಳೆ ಮನೆತನದ ಸಂಸ್ಥಾನವಾಗಿತ್ತು. ಮುಂಬೈ ಪ್ರಾಂತದಲ್ಲಿ ವಿಲೀನವಾದ ಮೇಲೆ 1949ರಲ್ಲಿ ದಕ್ಷಿಣ ಸಾತಾರಾ ಜಿಲ್ಲೆಗೆ ಸೇರಿತು. ಆ ಜಿಲ್ಲೆಗೇ 1960ರಲ್ಲಿ ಸಾಂಗಲಿ ಎಂಬ ಹೆಸರು ಬಂತು. ಪಶ್ಚಿಮದಲ್ಲಿ ಕೃಷ್ಣಾ, ವಾರಣಾ ನದಿಗಳು. ವಸಂತದಾದಾ ಪಾಟೀಲರಂಥವರು ಅಲ್ಲಿ ಸಹಕಾರಿ ಸಕ್ಕರೆ ಕಾರ್ಖಾನೆ ಕಟ್ಟಿದರು. ನೀರಿದ್ದಲ್ಲಿ ಕಬ್ಬು ಬಂತು, ಕಬ್ಬಿನ ಹಿಂದೆ ಕಾರ್ಖಾನೆ, ಅದರ ಹಿಂದೆ ಬ್ಯಾಂಕು, ಡೇರಿ, ಗ್ಯಾರೇಜು, ಕಾಲೇಜು. ಹೀಗೆ ವರ್ಷವಿಡೀ ಕೆಲಸ ಹುಟ್ಟಿತು. ಪೂರ್ವದ ಉಮದಿ, ಸಂಖ, ಮಾಡಗ್ಯಾಳ ಕಡೆ ಮಳೆ ಬಂದರೆ ಜೋಳ, ಸಜ್ಜೆ. ಬರದಿದ್ದರೆ ಊರು ಬಿಡಬೇಕು. ಮಿರಜ ತಾಲೂಕಿನ ಮ್ಹೈಸಾಳದಿಂದ ಕೃಷ್ಣೆಯ ನೀರನ್ನು ಎತ್ತಿ ತರುವ ಯೋಜನೆ 1980ರ ದಶಕದಲ್ಲೇ ಶುರುವಾಯಿತು. ಆದರೂ ಪೂರ್ವದ ಹಳ್ಳಿಗಳು ನೀರಿಗಾಗಿ ಮುಂದೆ ಎಷ್ಟೋ ವರ್ಷ ಕೂಗಬೇಕಾಯಿತು.

ಇಷ್ಟೇ ಹೇಳಿದರೆ ಅರ್ಧ ಮಾತಾಯಿತು. ನೀರು ಬಂದ ಊರಲ್ಲೂ ಎಲ್ಲರಿಗೂ ಒಂದೇ ಕೆಲಸ ಸಿಗಲಿಲ್ಲ. ಸಕ್ಕರೆ ಸಹಕಾರಿಯ ಸದಸ್ಯನಾಗಲು ಕಬ್ಬು ಬೆಳೆಯುವ ಹೊಲ ಬೇಕು. ನಮ್ಮವರಿಗೆ ಹೊಲ ಎಲ್ಲಿತ್ತು? ಮಹಾರ ವತನದ ತುಂಡು ಭೂಮಿ ಕೊಟ್ಟು, ಪ್ರತಿಯಾಗಿ ಹಗಲು ರಾತ್ರಿ ಸರ್ಕಾರಿ ಚಾಕರಿ ಮಾಡಿಸುತ್ತಿದ್ದರು. ಇದನ್ನು ಬದಲಿಸಲು ಬಾಬಾಸಾಹೇಬರು 1928ರಲ್ಲೇ ಮುಂಬೈ ವಿಧಾನ ಪರಿಷತ್ತಿನಲ್ಲಿ ಮಸೂದೆ ತಂದರು. ಕೆಳವರ್ಗದ ಊರ ವತನಗಳು ಕಾಯ್ದೆಯಿಂದ ರದ್ದಾಗಿದ್ದು 1958ರಲ್ಲಿ, ಅವರು ತೀರಿಕೊಂಡ ಮೇಲೆ.

ಹಾಗಾದರೆ ಪಟ್ಟಣಕ್ಕೆ ಹೋದವರ ಗತಿ ಏನು? ಮುಂಬೈಯ ಬಟ್ಟೆ ಗಿರಣಿಗಳಲ್ಲಿ ಹೆಚ್ಚು ಕೂಲಿ ಸಿಗುತ್ತಿದ್ದದ್ದು ನೇಯ್ಗೆ ಖಾತೆಯಲ್ಲಿ. ಅಲ್ಲಿ ಲಾಳಿಯೊಳಗಿನ ನೂಲನ್ನು ಬಾಯಿಯಿಂದ ಎಳೆಯಬೇಕಿತ್ತು. ಅಸ್ಪೃಶ್ಯರ ಬಾಯಿ ತಾಗಿದ ಲಾಳಿ ಬೇಡವೆಂದು ಆ ಖಾತೆಯ ಬಾಗಿಲನ್ನೇ ನಮ್ಮವರಿಗೆ ಮುಚ್ಚಿದ್ದರು. 1928ರ ದೊಡ್ಡ ಮುಷ್ಕರದ ಹೊತ್ತಿಗೆ ಬಾಬಾಸಾಹೇಬರು ಈ ಪ್ರಶ್ನೆ ಎತ್ತಿದರು. ಅಂದರೆ ಕೆಲಸ ಇರುವ ಜಾಗಕ್ಕೆ ಹೋದರೆ ಸಾಲದು, ಅಲ್ಲಿ ಒಳಗೆ ಬಿಡಬೇಕಲ್ಲ?

ಬಾಬಾಸಾಹೇಬರು 1918ರಲ್ಲೇ ಭಾರತದ ಚಿಕ್ಕ ಹಿಡುವಳಿಗಳ ಬಗ್ಗೆ ಒಂದು ಲೇಖನ ಬರೆದಿದ್ದರು. ಅದರ ಸಾರ ಇಷ್ಟು: ಹೊಲ ಚಿಕ್ಕದಾಗಿದ್ದೇ ರೋಗ ಅಲ್ಲ. ಬೇರೆ ಕೆಲಸ ಇಲ್ಲದ್ದರಿಂದ ಜನ ಹೊಲಕ್ಕೇ ಜೋತುಬಿದ್ದಿದ್ದಾರೆ, ಕೈ ಖಾಲಿ ಕೂತಿವೆ. ಇದಕ್ಕೆ ಮದ್ದು ಉದ್ದಿಮೆ. ನೂರು ವರ್ಷ ದಾಟಿದರೂ ಈ ಮಾತು ನಮ್ಮ ಊರಿಗೆ ಹೊಂದುತ್ತದೆ, ಅಲ್ಲೇನ್ರಿ?

ಇನ್ನೊಂದು ಸಂಗತಿ ನಮ್ಮ ಯುವಕರಿಗೆ ಗೊತ್ತಿರಲೇಬೇಕು. ಇಡೀ ದೇಶಕ್ಕೆ ಮಾದರಿಯಾದ ಉದ್ಯೋಗ ಖಾತ್ರಿ ಹುಟ್ಟಿದ್ದು ನಮ್ಮ ಜಿಲ್ಲೆಯಲ್ಲೇ. ವಿ. ಸ. ಪಾಗೆಯವರು ರಾಜ್ಯ ವಿಧಾನ ಪರಿಷತ್ತಿನ ಸಭಾಪತಿಯಾಗಿದ್ದಾಗ, 1965ರಲ್ಲಿ ತಾಸಗಾಂವ ತಾಲೂಕಿನ ವಿಸಾಪುರದಲ್ಲಿ ಇದರ ಪ್ರಯೋಗ ನಡೆಯಿತು. ಮುಂದೆ 1972ರ ಬರ ಬಂತು. ಮಿಲೋ ಜೋಳ, ಸುಕಡಿ, ಖಡಿ ಒಡೆಯುವ ಕೆಲಸ — ಮನೆಯ ಅಜ್ಜಿಯನ್ನು ಕೇಳಿರಿ, ಹೇಳುತ್ತಾಳೆ. 1973ರ ಮೇ ತಿಂಗಳಲ್ಲಿ ರಾಜ್ಯದಲ್ಲಿ ಸುಮಾರು 50 ಲಕ್ಷ ಜನ ಬರ ಕಾಮಗಾರಿಗಳ ಮೇಲೆ ಇದ್ದರು. ಕೆಲಸ ಕೊಡುವುದು ಸರ್ಕಾರದ ಕರ್ತವ್ಯ ಎಂದು 1977ರಲ್ಲಿ ಕಾಯ್ದೆ ಆಯಿತು, 1979ರ ಜನವರಿ 26ರಿಂದ ಜಾರಿಗೆ ಬಂತು. ಅದರ ಖರ್ಚಿಗೆ 1975ರಲ್ಲೇ ವೃತ್ತಿ ತೆರಿಗೆ ಹಾಕಿದ್ದರು. ಮುಂಬೈ, ಪುಣೆಯ ಸಂಬಳದಾರರಿಂದ ಬಂದ ಹಣ ಬರದ ಊರಿನ ಕೂಲಿಗೆ ಸಂದಿತು. ಇದು ದಾನ ಅಲ್ಲ. ಆ ಪಟ್ಟಣಗಳನ್ನು ಕಟ್ಟಿದ ಕೈಗಳಲ್ಲಿ ಬರದ ಊರಿನ ಕೈಗಳೂ ಇದ್ದವು. ಇದೇ ದಾರಿಯಲ್ಲಿ 2005ರಲ್ಲಿ ದೇಶಕ್ಕೆಲ್ಲ 100 ದಿನಗಳ ಖಾತ್ರಿ ಕಾಯ್ದೆ ಬಂತು.

ಹಾಗಿದ್ದೂ ನಮ್ಮ ಕಡೆ ಹಿಂದುಳಿದದ್ದು ಯಾಕೆ? ಒಂದು ಕಾರಣ ಲೆಕ್ಕದಲ್ಲಿದೆ. ರಾಜ್ಯದ ಅಸಮತೋಲ ಅಳೆಯಲು 1983ರಲ್ಲಿ ನೇಮಿಸಿದ ದಾಂಡೇಕರ ಸಮಿತಿ ಮುಖ್ಯವಾಗಿ ಜಿಲ್ಲೆಗಳನ್ನು ಹೋಲಿಸಿತು. ಒಂದು ಹೊಲದಲ್ಲಿ ಮೊಣಕಾಲುದ್ದ ನೀರು, ಪಕ್ಕದ ಹೊಲದಲ್ಲಿ ಹನಿ ಇಲ್ಲ ಅಂದುಕೊಳ್ಳಿ. ಸರಾಸರಿ ತೆಗೆದರೆ ಕಾಗದದ ಮೇಲೆ ಎರಡೂ ಹಸಿ ಹೊಲಗಳೇ. ಸಾಂಗಲಿಯ ಸರಾಸರಿಯಲ್ಲಿ ಜತ್ತ ಮುಳುಗಿಹೋದದ್ದು ಹೀಗೆ. ತಾಲೂಕಿನ ಮಟ್ಟದಲ್ಲಿ ನೋಡಬೇಕೆಂಬ ಮಾತು 2011ರ ಕೇಳಕರ ಸಮಿತಿಯ ಹೊತ್ತಿಗೆ ಬಂತು. ನಾನು ಇನ್ನೊಂದು ಮಾತು ಸೇರಿಸುತ್ತೇನೆ: ತಾಲೂಕು ನೋಡಿದರೂ ಸಾಲದು, ಕೇರಿಯನ್ನೂ ನೋಡಬೇಕು.

ಆದ್ದರಿಂದ ನಮ್ಮ ಸಂಘದ ಮುಂದೆ ಒಂದು ಕೆಲಸ ಇಡುತ್ತೇನೆ. ನಮ್ಮ ಕೇರಿಯಲ್ಲಿ ಯಾವ ಮನೆಯಿಂದ ಎಷ್ಟು ಜನ, ಎಷ್ಟು ತಿಂಗಳು ಹೊರಗೆ ಹೋಗುತ್ತಾರೆ, ಉಚಲ್ ಎಷ್ಟು, ಯಾವ ಮಕ್ಕಳ ಶಾಲೆ ತಪ್ಪುತ್ತದೆ — ಇವನ್ನು ಒಂದು ವಹಿಯಲ್ಲಿ ಬರೆಯೋಣ. ಪಂಚಾಯತಿಯಲ್ಲಿ ಕೆಲಸ ಕೇಳುವಾಗ ಬಾಯಿಮಾತಲ್ಲಿ ಕೇಳುವುದು ಬೇಡ. ಅರ್ಜಿ ಕೊಟ್ಟು, ತಾರೀಖು ಹಾಕಿದ ಪಾವತಿ ಇಸಿದುಕೊಳ್ಳೋಣ. ಕನ್ನಡ ಮನೆಮಾತಿನ ನಮ್ಮ ತಾಯಂದಿರಿಗೆ ಮರಾಠಿ ಅರ್ಜಿ ಬರೆಯಲು ಬರದಿದ್ದರೆ, ಕಾಲೇಜು ಕಲಿತ ನಾವು ಬರೆದು ಕೊಡೋಣ. ಸರಾಸರಿಯಲ್ಲಿ ನಮ್ಮನ್ನು ಯಾರೂ ಎಣಿಸಲಿಲ್ಲ. ಮೊದಲು ನಾವೇ ಎಣಿಸೋಣ.