ಡ್ರ್ಯಾಗ್ ರೇಸ್ ಟೈರ್: ರಸ್ತೆಯ ಕಾರಿಗೆ ಯಾವುದು ಸೂಕ್ತ?

ನಿಂತಲ್ಲಿಂದ ಹೊರಟು ನೇರ ಪಥದಲ್ಲಿ ಕಾಲು ಮೈಲಿ, ಅಂದರೆ ಸುಮಾರು 402 ಮೀಟರ್ ದೂರವನ್ನು ಅತಿ ಶೀಘ್ರವಾಗಿ ಕ್ರಮಿಸುವ ಸ್ಪರ್ಧೆಯೇ ಡ್ರ್ಯಾಗ್ ರೇಸ್. ಅಮೆರಿಕದಲ್ಲಿ 1951ರಲ್ಲಿ ವಾಲಿ ಪಾರ್ಕ್ಸ್ ಸ್ಥಾಪಿಸಿದ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಈ ಕ್ರೀಡೆಗೆ ನಿಯಮಗಳ ಚೌಕಟ್ಟು ಒದಗಿಸಿತು. ವಾರವಿಡೀ ಕಚೇರಿಗೆ ಓಡಾಡುವ ಕಾರನ್ನೇ ವಾರಾಂತ್ಯದಲ್ಲಿ ಪಥಕ್ಕಿಳಿಸುವ ಹವ್ಯಾಸಿಗಳು ಅಲ್ಲಿ ಅನೇಕರು. ಎಂಜಿನ್‌ನ ಶಕ್ತಿ ಎಷ್ಟೇ ಇರಲಿ, ಅದು ನೆಲಕ್ಕೆ ತಲುಪುವುದು ಟೈರ್‌ನ ಮೂಲಕವೇ. ಆದ್ದರಿಂದ ಅವರು ಮೊದಲು ಉತ್ತರಿಸಬೇಕಾದ ಪ್ರಶ್ನೆಯೂ ಟೈರ್‌ನದೇ. ಆದರೆ ಪಥದಲ್ಲಿ ಅತ್ಯುತ್ತಮ ಎನಿಸಿದ ಟೈರ್ ಮನೆಗೆ ಮರಳುವ ದಾರಿಯಲ್ಲಿ ಅತ್ಯಂತ ಅಪಾಯಕಾರಿ ಆಗಬಹುದೆಂಬುದನ್ನು ಮರೆಯುವಂತಿಲ್ಲ.

ಮೂರು ಬಗೆ

ಮೊದಲನೆಯದು ಸ್ಲಿಕ್. ಇದರ ಮೈಮೇಲೆ ಗೀರುಗಳೇ ಇರುವುದಿಲ್ಲ. ರಬ್ಬರ್ ಅತಿ ಮೃದು, ಪಕ್ಕದ ಗೋಡೆಯೂ ಮೆದು. ಕಾರು ಚಿಮ್ಮುವ ಕ್ಷಣದಲ್ಲಿ ಗೋಡೆ ಸುಕ್ಕುಗಟ್ಟಿ ಆಘಾತವನ್ನು ಹೀರಿಕೊಳ್ಳುತ್ತದೆ. ಇದು ಪಥಕ್ಕೆ ಮಾತ್ರ ಮೀಸಲು. ಸಾರ್ವಜನಿಕ ರಸ್ತೆಯಲ್ಲಿ ಬಳಸುವಂತಿಲ್ಲ.

ಎರಡನೆಯದು, ಸ್ಲಿಕ್‌ನಂತೆಯೇ ಓರೆ ಎಳೆಗಳ ಪದರದಿಂದ ಕಟ್ಟಿದ, ಆದರೆ ರಸ್ತೆಗೆ ಅನುಮತಿ ಪಡೆದ ಟೈರ್. ಇದರ ಮೇಲೆ ಹೆಸರಿಗೆ ಕೆಲವು ಗೀರುಗಳಿರುತ್ತವೆ. ಕ್ಲಚ್ ಬಿಟ್ಟೊಡನೆ ಹಠಾತ್ ಹೊಡೆತ ನೀಡುವ ಮ್ಯಾನುಯಲ್ ಗೇರ್ ಕಾರುಗಳಿಗೆ ಇದು ಹೆಚ್ಚು ಒಗ್ಗುತ್ತದೆ. ಹೆದ್ದಾರಿಯಲ್ಲಿ ಮಾತ್ರ ಕಾರು ತುಸು ಓಲಾಡಿದಂತೆ ಭಾಸವಾಗುತ್ತದೆ.

ಮೂರನೆಯದು ಡ್ರ್ಯಾಗ್ ರೇಡಿಯಲ್. ಸಾಮಾನ್ಯ ಕಾರಿನ ಟೈರ್‌ನಂಥ ರೇಡಿಯಲ್ ರಚನೆಗೆ ಮೃದು ರಬ್ಬರ್ ಸೇರಿಸಿ ತಯಾರಿಸಿದ್ದು. ರಸ್ತೆಯ ಮೇಲೆ ಸ್ಥಿರವಾಗಿರುತ್ತದೆ. ಹೆಚ್ಚಾಗಿ ರಸ್ತೆಯಲ್ಲೇ ಓಡುವ ಕಾರಿಗೆ ಸಾಮಾನ್ಯವಾಗಿ ಇದೇ ಸೂಕ್ತ. ಆದರೆ ಪಥದಲ್ಲಿ ಒಮ್ಮೆ ಹಿಡಿತ ತಪ್ಪಿ ಚಕ್ರ ತಿರುಗತೊಡಗಿದರೆ ಮತ್ತೆ ಹಿಡಿತ ದೊರೆಯುವುದು ಕಷ್ಟ.

ಹಿಂದೆ ಓರೆ ಎಳೆಯ ಟೈರ್, ಮುಂದೆ ರೇಡಿಯಲ್ ಎಂಬ ಬೆರಕೆ ಸಲ್ಲದು. ಎರಡರ ವರ್ತನೆ ಬೇರೆಯಾದುದರಿಂದ ಅತಿವೇಗದಲ್ಲಿ ಕಾರು ನಿಯಂತ್ರಣ ತಪ್ಪುವ ಸಂಭವವಿದೆ.

ಡೀಮನ್ ಉದಾಹರಣೆ

ಡಾಡ್ಜ್ ಸಂಸ್ಥೆಯ 2018ರ ಮಾದರಿಯ ಚಾಲೆಂಜರ್ ಡೀಮನ್ ಕಾರು ನಿಟ್ಟೊ ಸಂಸ್ಥೆಯ 315/40 ಆರ್ 18 ಅಳತೆಯ ಡ್ರ್ಯಾಗ್ ರೇಡಿಯಲ್‌ಗಳೊಂದಿಗೇ ಕಾರ್ಖಾನೆಯಿಂದ ಹೊರಬಂದಿತು. ಸಿದ್ಧಪಡಿಸಿದ ಪಥದಲ್ಲಿ ಅದು ಕಾಲು ಮೈಲಿಯನ್ನು 9.65 ಸೆಕೆಂಡುಗಳಲ್ಲಿ ಮುಗಿಸಿತು. ಅಳತೆಯಲ್ಲಿ 315 ಎಂಬುದು ಮಿಲಿಮೀಟರ್‌ನಲ್ಲಿ ಅಗಲ. 40 ಎಂಬುದು ಆ ಅಗಲದ ಶೇಕಡಾವಾರು ಲೆಕ್ಕದಲ್ಲಿ ಗೋಡೆಯ ಎತ್ತರ, ಅಂದರೆ 126 ಮಿ.ಮೀ.; 18 ಎಂಬುದು ಅಂಗುಲದಲ್ಲಿ ರಿಮ್ಮಿನ ವ್ಯಾಸ. 2023ರ ಡೀಮನ್ 170ರಲ್ಲಿ ಹಿಂದಿನ ರಿಮ್ 17 ಅಂಗುಲಕ್ಕೆ ಇಳಿಯಿತು, ಗೋಡೆಯ ಎತ್ತರ ಸುಮಾರು 157 ಮಿ.ಮೀ.ಗೆ ಏರಿತು. ಗೋಡೆ ಎತ್ತರವಾದಷ್ಟೂ ಬಾಗುವ ಅವಕಾಶ ಹೆಚ್ಚು, ಹಿಡಿತವೂ ಹೆಚ್ಚು. ಹಾಗೆಂದು ವ್ಯಾಸವನ್ನು ಮನಬಂದಂತೆ ಬದಲಿಸಿದರೆ ಗೇರ್ ಅನುಪಾತವೂ ಸ್ಪೀಡೋಮೀಟರ್‌ನ ಲೆಕ್ಕವೂ ತಪ್ಪುತ್ತವೆ.

ಗಾಳಿ ಮತ್ತು ಬಿಸಿ

ರಸ್ತೆಯಲ್ಲಿ 30 ಪಿಎಸ್‌ಐ ಆಸುಪಾಸಿನಲ್ಲಿರುವ ಗಾಳಿಯ ಒತ್ತಡವನ್ನು ಪಥದಲ್ಲಿ ಡ್ರ್ಯಾಗ್ ರೇಡಿಯಲ್‌ಗೆ 15ರಿಂದ 20ರವರೆಗೆ ತಗ್ಗಿಸುವುದು ರೂಢಿ. ಓಟಕ್ಕೆ ಮುನ್ನ ಚಕ್ರವನ್ನು ನಿಂತಲ್ಲೇ ತಿರುಗಿಸಿ ರಬ್ಬರ್ ಬಿಸಿ ಮಾಡಲಾಗುತ್ತದೆ. ರೇಡಿಯಲ್‌ಗೆ ಇದು ಅಲ್ಪಕಾಲ ಸಾಕು. ಮರಳುವ ಮುನ್ನ ಗಾಳಿಯನ್ನು ಮೊದಲಿನ ಮಟ್ಟಕ್ಕೆ ತುಂಬಿಸುವುದು ಕಡ್ಡಾಯ. ಹಿಡಿತ ಹೆಚ್ಚಿದಂತೆ ಆಕ್ಸಲ್, ಕ್ಲಚ್‌ಗಳ ಮೇಲಿನ ಹೊರೆಯೂ ಹೆಚ್ಚುವುದರಿಂದ ಅವುಗಳ ಸಾಮರ್ಥ್ಯವನ್ನೂ ಮೊದಲೇ ಪರೀಕ್ಷಿಸಬೇಕು.

ಮಳೆಯೇ ಶತ್ರು

ಟೈರ್‌ನ ಮೇಲಿರುವ ಸಾರಿಗೆ ಇಲಾಖೆಯ ಗುರುತು ರಸ್ತೆಗಿಳಿಯಲು ಅನುಮತಿಯೇ ಹೊರತು ಮಳೆಗೆ ತಕ್ಕದ್ದೆಂಬ ಭರವಸೆಯಲ್ಲ. ಗೀರುಗಳು ಕಡಿಮೆಯಿದ್ದರೆ ನೀರು ಹೊರಹೋಗಲು ದಾರಿಯಿರದು. ಆಗ ಟೈರ್ ನೆಲ ಬಿಟ್ಟು ನೀರಿನ ಪದರದ ಮೇಲೆ ತೇಲುತ್ತದೆ. ಬ್ರೇಕ್, ಸ್ಟೀರಿಂಗ್ ಎರಡೂ ನಿಷ್ಪ್ರಯೋಜಕವಾಗುತ್ತವೆ. ಚಳಿಯಲ್ಲಿ ರಬ್ಬರ್ ಗಡುಸಾಗಿ ಹಿಡಿತ ಕುಂದುತ್ತದೆ. ಮೃದು ರಬ್ಬರ್ ಬೇಗನೆ ಸವೆಯುವುದರಿಂದ ನಿತ್ಯದ ಓಡಾಟಕ್ಕೆ ಇದು ದುಬಾರಿಯೂ ಹೌದು.

ಆದ್ದರಿಂದ ಆಯ್ಕೆ ನಿರ್ಧಾರವಾಗಬೇಕಾದುದು ಸೆಕೆಂಡುಗಳಿಂದಲ್ಲ, ಪಥಕ್ಕಿರುವ ದೂರ ಮತ್ತು ಹವಾಮಾನದಿಂದ. ದೂರದ ಪ್ರಯಾಣವಿದ್ದರೆ, ಮಳೆಯ ಸಂಭವವಿದ್ದರೆ, ಡ್ರ್ಯಾಗ್ ಟೈರ್‌ಗಳನ್ನು ಪ್ರತ್ಯೇಕ ರಿಮ್ಮಿಗೆ ಜೋಡಿಸಿ ಒಯ್ದು ಪಥದಲ್ಲೇ ಬದಲಿಸಿಕೊಳ್ಳುವುದು ಕ್ಷೇಮಕರ.

ಭಾರತದಲ್ಲಿ ಸರ್ಕಾರದ ಅನುಮತಿಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ರೇಸ್ ನಡೆಸುವುದು ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಅನ್ವಯ ಅಪರಾಧ. 2019ರ ತಿದ್ದುಪಡಿಯಂತೆ ಮೊದಲ ಬಾರಿಗೆ 3 ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು. ಟೈರ್ ಯಾವುದೇ ಇರಲಿ, ಅದಕ್ಕೆ ತಕ್ಕ ಸ್ಥಳ ಅನುಮತಿ ಪಡೆದ ಪಥವೊಂದೇ.