ಜೀಪಿನ ಪಾಠಾಂತರಗಳು

ಯುದ್ಧದ ಚರಿತ್ರೆಯೆಂದರೆ ನಮಗೆ ಸೇನಾಪತಿಗಳೂ ಒಪ್ಪಂದಗಳೂ ನೆನಪಿಗೆ ಬರುತ್ತವೆ. ಒಂದು ಬೋಲ್ಟಿಗೂ ಚರಿತ್ರೆಯುಂಟು ಎಂದರೆ ವಾಚಕರು ನಕ್ಕಾರು. ಆದರೆ ಎರಡನೆಯ ಮಹಾಯುದ್ಧದ ಜೀಪುಗಳನ್ನು ಹುಡುಕಿ, ದುರಸ್ತು ಮಾಡಿ, ಇಂದಿಗೂ ಓಡಿಸುತ್ತಿರುವ ಹವ್ಯಾಸಿಗಳು ಅಮೆರಿಕದಲ್ಲಿಯೂ ಯೂರೋಪಿನಲ್ಲಿಯೂ ಬಹಳ ಮಂದಿ ಇದ್ದಾರೆ. ತಲೆಯ ಮೇಲೆ ‘ಎಫ್’ ಎಂಬ ಅಕ್ಷರವಿರುವ ಹಳೆಯ ಬೋಲ್ಟೊಂದಕ್ಕಾಗಿ ಅವರಲ್ಲಿ ಕೆಲವರು ಗುಜರಿಗಳನ್ನೆಲ್ಲ ಶೋಧಿಸುತ್ತಾರೆ. ಕನ್ನಡ ಮೇಷ್ಟರಿಗೆ ಈ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಓಲೆಗರಿಯಲ್ಲಿ ಒಂದೇ ಒಂದು ಅಕ್ಷರದ ಪಾಠಾಂತರಕ್ಕಾಗಿ ವರ್ಷಗಟ್ಟಲೆ ತಡಕಾಡುವವರ ಕುಲಕ್ಕೆ ಸೇರಿದವನು ನಾನು. ಈ ಬೋಲ್ಟು ಹುಡುಕುವವರ ಸುದ್ದಿಯನ್ನು ಓದಿದಾಗ, ಇವರು ನಮ್ಮ ದಾಯಾದಿಗಳೇ ಸರಿ ಎನ್ನಿಸಿತು.

ಮೊದಲು ಮೂಲದ ಕಥೆ. 1940ರಲ್ಲಿ ಅಮೆರಿಕದ ಸೈನ್ಯ ಹಗುರವಾದ, ನಾಲ್ಕು ಚಕ್ರಗಳಿಗೂ ಎಂಜಿನಿನ ಬಲ ಸಲ್ಲುವ ಗಾಡಿಯೊಂದು ಬೇಕೆಂದು 135 ಕಾರ್ಖಾನೆಗಳಿಗೆ ಓಲೆ ಕಳಿಸಿತು. ಪೆನ್ಸಿಲ್ವೇನಿಯದ ಬಟ್ಲರ್ ಊರಿನ ಬ್ಯಾಂಟಮ್ ಎಂಬ ಚಿಕ್ಕ ಕಂಪೆನಿ, ಕಾರ್ಲ್ ಪ್ರಾಬ್ಸ್ಟ್ ಎಂಬ ಇಂಜಿನಿಯರನ ನಕ್ಷೆಯನ್ನು ಹಿಡಿದು, 49 ದಿನಗಳ ಗಡುವಿನೊಳಗೆ ಮಾದರಿಯನ್ನು ತಯಾರಿಸಿ ಒಪ್ಪಿಸಿತು. ಬುದ್ಧಿ ಬ್ಯಾಂಟಮ್ಮಿನದು, ಭಾಗ್ಯ ಬೇರೆಯವರದು. ದೊಡ್ಡ ಗುತ್ತಿಗೆ 1941ರಲ್ಲಿ ಟೊಲೀಡೊ ನಗರದ ವಿಲ್ಲಿಸ್ ಕಂಪೆನಿಗೆ ಸಿಕ್ಕಿತು. ಅದೇ ವರ್ಷದ ನವೆಂಬರಿನಲ್ಲಿ, ವಿಲ್ಲಿಸ್ ನಕ್ಷೆಯಂತೆಯೇ ಕಟ್ಟಬೇಕೆಂದು ವಿಧಿಸಿ, ಫೋರ್ಡ್ ಕಂಪೆನಿಗೂ ಕೆಲಸವನ್ನು ಹಂಚಿದರು. ಯುದ್ಧ ಮುಗಿಯುವ ಹೊತ್ತಿಗೆ ವಿಲ್ಲಿಸ್ ಸುಮಾರು 3,60,000 ಜೀಪುಗಳನ್ನೂ ಫೋರ್ಡ್ ಸುಮಾರು 2,80,000 ಜೀಪುಗಳನ್ನೂ ಕಟ್ಟಿದ್ದವು.

ಎರಡು ಕಾರ್ಖಾನೆಗಳ ಗಾಡಿಗಳಾದರೂ ಒಂದರ ಬಿಡಿಭಾಗ ಇನ್ನೊಂದಕ್ಕೆ ಕೂಡಬೇಕೆಂಬುದು ಸೈನ್ಯದ ಹಟ. ರಣರಂಗದಲ್ಲಿ ಮುರಿದುಬಿದ್ದ ಎರಡು ಜೀಪುಗಳಿಂದ ಓಡುವ ಒಂದು ಜೀಪನ್ನು ಮಾಡಬೇಕಾದ ಮೆಕ್ಯಾನಿಕ್ಕಿಗೆ ಅದು ಯಾರ ಮನೆಯ ಮಾಲು ಎಂದು ನೋಡುತ್ತ ಕೂರುವುದಕ್ಕೆ ವೇಳೆಯಿರುವುದಿಲ್ಲ. ಸೈನ್ಯದ ಬಿಡಿಭಾಗಗಳ ಪಟ್ಟಿಗೆ ‘ಜಿ-503’ ಎಂದು ಹೆಸರು. ಅದರಲ್ಲಿ ವಿಲ್ಲಿಸ್ ಸಂಖ್ಯೆಯನ್ನೂ ಫೋರ್ಡ್ ಸಂಖ್ಯೆಯನ್ನೂ ನಮೂದಿಸಿದ್ದಾರೆ. ಇಂದಿಗೂ ಜೀಪು ದುರಸ್ತು ಮಾಡುವವರಿಗೆ ಅದೇ ನಿಘಂಟು.

ಈ ಆಲೋಚನೆಗೆ ಹಳೆಯ ವಂಶಾವಳಿಯಿದೆ. 1785ರಲ್ಲಿ ಪ್ಯಾರಿಸ್ಸಿನಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಥಾಮಸ್ ಜೆಫರ್ಸನ್, ಆನರೆ ಬ್ಲಾಂಕ್ ಎಂಬ ಕೋವಿ ತಯಾರಕನ ಬಳಿಗೆ ಹೋಗಿ, ರಾಶಿಯಿಂದ ಕೈಗೆ ಸಿಕ್ಕ ತುಂಡುಗಳನ್ನು ಆರಿಸಿ ತಾನೇ ಕೋವಿಯ ಚಾಪನ್ನು ಜೋಡಿಸಿ ನೋಡಿ ಬೆರಗಾದನು. ಅಮೆರಿಕದಲ್ಲಿ ಎಲೈ ವ್ಹಿಟ್ನಿ 1801ರಲ್ಲಿ ಇಂಥದೇ ಪ್ರದರ್ಶನ ನಡೆಸಿ ಕೀರ್ತಿ ಪಡೆದನು. ಆದರೆ ಮುಂದೆ ವಿದ್ವಾಂಸರು ಅವನ ಕಾರ್ಖಾನೆಯ ಕೋವಿಗಳನ್ನು ಬಿಚ್ಚಿ ನೋಡಿದಾಗ ಒಂದರ ಭಾಗ ಇನ್ನೊಂದಕ್ಕೆ ಸರಿಯಾಗಿ ಕೂಡಲಿಲ್ಲ! ಆ ಮಾತನ್ನು ನಿಜ ಮಾಡಿ ತೋರಿಸಿದವನು, 1820ರ ದಶಕದಲ್ಲಿ ಹಾರ್ಪರ್ಸ್ ಫೆರಿಯಲ್ಲಿ ದುಡಿದ ಜಾನ್ ಹಾಲ್. ಕೀರ್ತಿ ಒಬ್ಬನಿಗೆ, ಕೆಲಸ ಇನ್ನೊಬ್ಬನದು. ಚರಿತ್ರೆಯಲ್ಲಿ ಇದು ಹೊಸದಲ್ಲ.

ಈಗ ‘ಎಫ್’ ಅಕ್ಷರಕ್ಕೆ ಬರೋಣ. ಫೋರ್ಡ್ ಕಂಪೆನಿ ತನ್ನ ಬೋಲ್ಟುಗಳ ಮೇಲೂ ಹಲವು ಬಿಡಿಭಾಗಗಳ ಮೇಲೂ ತನ್ನ ಮೊದಲಕ್ಷರವನ್ನು ಒತ್ತುತ್ತಿತ್ತು. ಇತರರ ಮಾಲು ಕೆಟ್ಟರೆ ಅದರ ಹೊಣೆ ತನ್ನ ತಲೆಗೆ ಬರಬಾರದೆಂಬ ಮುನ್ನೆಚ್ಚರಿಕೆ ಎಂದು ಇದಕ್ಕೆ ಕಾರಣ ಹೇಳುತ್ತಾರೆ. ಎರಡೂ ಕಂಪೆನಿಗಳು ಮೊದಮೊದಲು ಗಾಡಿಯ ಹಿಂಭಾಗದಲ್ಲಿ ತಮ್ಮ ಹೆಸರನ್ನು ಉಬ್ಬಕ್ಷರದಲ್ಲಿ ಮೂಡಿಸುತ್ತಿದ್ದವು. 1942ರಲ್ಲಿ ಸರಕಾರ ಅದನ್ನು ನಿಲ್ಲಿಸಿತು. ಹೆಸರು ಹೋದ ಮೇಲೂ ಗುರುತುಗಳು ಉಳಿದವು. ಚಾಸಿಯ ಮುಂದಿನ ಅಡ್ಡಪಟ್ಟಿ ಕೊಳವೆಯಂತೆ ದುಂಡಗಿದ್ದರೆ ಅದು ವಿಲ್ಲಿಸ್; ಮಗುಚಿದ ದೋಣಿಯಂತಿದ್ದರೆ ಫೋರ್ಡ್. ಲಿಪಿಯ ತಿರುವನ್ನು ನೋಡಿ ಶಾಸನದ ಕಾಲವನ್ನು ಹೇಳುವಂತೆ, ಬಲ್ಲವರು ಇಂಥ ಕುರುಹುಗಳಿಂದ ಜೀಪಿನ ಜಾತಕವನ್ನು ಹೇಳುತ್ತಾರೆ.

ಆದರೆ ಈ ಜಾತಕವನ್ನು ಚೆನ್ನಾಗಿ ಕಲಸಿಬಿಟ್ಟ ಸ್ಥಳವೊಂದು ಫ್ರಾನ್ಸಿನಲ್ಲಿತ್ತು. ಯುದ್ಧ ಮುಗಿದ ಮೇಲೆ ಫ್ರೆಂಚ್ ಸೈನ್ಯದ ಕೈಯಲ್ಲಿ ಸಾವಿರಾರು ಜೀಪುಗಳು ಉಳಿದವು. ಪ್ಯಾರಿಸ್ಸಿನ ಪೂರ್ವಕ್ಕೆ ಲಾ ಮಾಲ್‌ಟೂರ್ನೆ ಎಂಬಲ್ಲಿದ್ದ ಸೈನ್ಯದ ಕಾರ್ಯಾಗಾರದಲ್ಲಿ 1946ರಿಂದ 1970ರ ದಶಕದವರೆಗೆ ಅವುಗಳ ಪುನರ್ಜನ್ಮ ನಡೆಯಿತು. ಜೀಪನ್ನು ಪೂರ್ತಿ ಬಿಚ್ಚುವುದು. ಭಾಗಗಳನ್ನು ತೊಳೆದು, ಪರೀಕ್ಷಿಸಿ, ವಿಂಗಡಿಸಿ ರಾಶಿ ಹಾಕುವುದು. ಬಳಿಕ ರಾಶಿಗಳಿಂದ ಆರಿಸಿ ಹೊಸದಾಗಿ ಜೋಡಿಸುವುದು. ವಿಲ್ಲಿಸ್ ಚಾಸಿಗೆ ಫೋರ್ಡ್ ಎಂಜಿನು, ಫೋರ್ಡ್ ಚಾಸಿಗೆ ವಿಲ್ಲಿಸ್ ಆ್ಯಕ್ಸಲು. ಬಂದ ಜೀಪೇ ಹೊರಗೆ ಹೋಗುತ್ತದೆಂಬ ನಿಯಮವಿರಲಿಲ್ಲ. ಇದು ಸಾಲದೆಂದು ಹಾಚ್‌ಕಿಸ್ ಕಂಪೆನಿ ಪರವಾನಗಿ ಪಡೆದು, ಮೊದಲು ಬಿಡಿಭಾಗಗಳನ್ನೂ ಆಮೇಲೆ 1966ರವರೆಗೆ 27,000ಕ್ಕೂ ಹೆಚ್ಚು ಇಡೀ ಜೀಪುಗಳನ್ನೂ ತಯಾರಿಸಿತು. ಇಂದು ಯೂರೋಪಿನ ಹವ್ಯಾಸಿಯ ಕೈಗೆ ಬರುವ ಎಷ್ಟೋ ಜೀಪುಗಳು ಆ ಕಾರ್ಯಾಗಾರದ ಬಾಗಿಲನ್ನು ಹೊಕ್ಕು ಬಂದವು.

ಅಂಥ ಜೀಪನ್ನು ಮತ್ತೆ ಓಡಿಸುವುದು ಸುಲಭದ ಕೆಲಸವಲ್ಲ. ಯುದ್ಧಕಾಲದಲ್ಲಿ ಗ್ರೀಸು ಬಳಿದು, ಮೇಣದ ಕಾಗದ ಸುತ್ತಿ ಪೆಟ್ಟಿಗೆಯಲ್ಲಿಟ್ಟ ಹಲ್ಲುಚಕ್ರ ಇಂದು ತೆರೆದರೂ ಹೊಸತರಂತೆ ಹೊಳೆಯುವುದುಂಟು. ಅದೇ ಪೆಟ್ಟಿಗೆಯ ರಬ್ಬರು ಮಾತ್ರ, ಒಂದು ದಿನವೂ ದುಡಿಯದೆಯೇ, ಒಣಗಿ ಬಿರಿದಿರುತ್ತದೆ. ಬ್ರೇಕಿನ ರಬ್ಬರನ್ನು ಹೊಸದಾಗಿ ಹಾಕದೆ ವಿಧಿಯಿಲ್ಲ. 3⅛ ಅಂಗುಲ ವ್ಯಾಸದ ಸಿಲಿಂಡರು ಸವೆದಿದ್ದರೆ ಅದನ್ನು ಕೊರೆದು ಹಿರಿದುಮಾಡಿ, ತಕ್ಕ ದಪ್ಪದ ಪಿಸ್ಟನ್ನು ಕೂಡಿಸಬೇಕು. ತುಕ್ಕು ತಿಂದ ತಗಡಿಗೆ ಬದಲಾಗಿ ಫಿಲಿಪ್ಪೀನ್ಸಿನಲ್ಲಿ ತಯಾರಾದ ಹೊಸ ಒಡಲನ್ನೇ ಕೊಳ್ಳುವವರಿದ್ದಾರೆ. 6 ವೋಲ್ಟಿನ ದೀಪ ಮಂಕೆಂದು 12 ವೋಲ್ಟಿಗೆ ಬದಲಾಯಿಸುವವರೂ ಇದ್ದಾರೆ. ಇಷ್ಟೆಲ್ಲ ಆದ ಮೇಲೆ ‘ಇದು 1943ರ ಜೀಪು’ ಎಂದರೆ ಯಾವುದು 1943ರದು?

ಇಲ್ಲಿ ಎರಡು ಪಕ್ಷಗಳಿವೆ. ಓಡಿದರೆ ಸಾಕು, ಗುರುತು ಯಾರಿಗೆ ಬೇಕು ಎಂಬುದು ಒಂದು. ಪ್ರತಿಯೊಂದು ಬೋಲ್ಟೂ ಕಾರ್ಖಾನೆ ಬಿಟ್ಟ ದಿನದಂತೆಯೇ ಇರಬೇಕು ಎಂಬುದು ಇನ್ನೊಂದು. ಎರಡನೆಯವರ ಆಸೆಗೆ ತಕ್ಕಂತೆ ‘ಎಫ್’ ಒತ್ತಿದ ಹೊಸ ಬೋಲ್ಟುಗಳೂ ಮಾರಾಟಕ್ಕೆ ಬಂದಿವೆ. ಒಬ್ಬರ ಮಾಲು ಇನ್ನೊಬ್ಬರದರೊಡನೆ ಬೆರೆಯದಿರಲೆಂದು ಹುಟ್ಟಿದ ಅಕ್ಷರವೇ ಈಗ ಹೊಸದನ್ನೂ ಹಳೆಯದನ್ನೂ ಬೆರೆಸುತ್ತಿದೆ!

ಗ್ರಂಥಸಂಪಾದನೆಯಲ್ಲಿ ಈ ಜಗಳವನ್ನು ನಾವು ಬಹುಕಾಲದಿಂದ ಬಲ್ಲೆವು. ಗರಿ ಮುರಿದು ಅಕ್ಷರಗಳು ಹೋಗಿದ್ದರೆ ಪದ್ಯವನ್ನು ಕುಂಟಿಸಿ ಬಿಡುವುದು ಓದುಗರಿಗೆ ಅನ್ಯಾಯ; ತುಂಬಿ ಸುಮ್ಮನಿರುವುದು ಕವಿಗೆ ಅನ್ಯಾಯ. ಆದ್ದರಿಂದ ಒಳ್ಳೆಯ ಸಂಪಾದಕರು ಹೋದದ್ದನ್ನು ತುಂಬಿಯೂ ತುಂಬಿದ್ದನ್ನು ಕಂಸದೊಳಗಿಟ್ಟು ತೋರಿಸುತ್ತಾರೆ. ಜೀಪಿನವರಿಗೂ ನಾನು ಹೇಳುವುದು ಇಷ್ಟೇ. ಹೊಸ ರಬ್ಬರು ಹಾಕಿರಿ, ಹೊಸ ತಗಡು ಬೆಸೆಯಿರಿ, ಬೋಲ್ಟನ್ನು ಲೇತಿನಲ್ಲಿ ಕಡೆಯಿರಿ. ಆದರೆ ಯಾವುದು ಯಾವಾಗ ಹೊಸತಾಯಿತೆಂಬುದನ್ನು ಒಂದು ಪುಸ್ತಕದಲ್ಲಿ ಬರೆದು ಗಾಡಿಯೊಡನೆ ಇಡಿರಿ. ಮಾಲ್‌ಟೂರ್ನೆಯ ಕೆಲಸಗಾರರು ಕಲಸಿದ ಜೀಪನ್ನು ಮತ್ತೆ ಶುದ್ಧ ಫೋರ್ಡ್ ಮಾಡುವ ಹಂಬಲದಲ್ಲಿ ಅವರ ಕೈಗುರುತನ್ನೂ ಅಳಿಸಬೇಡಿರಿ. ಲಿಪಿಕಾರನ ತಿದ್ದುಪಡಿಯೂ ಕಾವ್ಯದ ಚರಿತ್ರೆಯ ಒಂದು ಭಾಗವಲ್ಲವೆ?

ಯಾರ ಬಿಡಿಭಾಗವನ್ನಾದರೂ ತನ್ನದಾಗಿಸಿಕೊಳ್ಳಬಲ್ಲದೆಂಬುದೇ ಜೀಪಿನ ದೊಡ್ಡಗುಣ. ಎಂಬತ್ತು ವರ್ಷ ಕಳೆದರೂ ಅದು ರಸ್ತೆಯ ಮೇಲಿರುವುದು ಆ ಗುಣದಿಂದ. ದುರಸ್ತು ಮಾಡಿದವರ ಹೆಸರೂ ತಾರೀಖೂ ಜೊತೆಗಿದ್ದರೆ, ಅದು ಓಡುವ ಗಾಡಿಯೂ ಹೌದು, ನಂಬಬಹುದಾದ ದಾಖಲೆಯೂ ಹೌದು.