ಗೋವೆಯ ನೇರ ಬೀದಿ



ಗುಲಾಮಗಿರಿಯ ಪಾಠವನ್ನು ನಾನು ಪ್ರತಿವರ್ಷವೂ ಅಮೆರಿಕದಲ್ಲಿ ಆರಂಭಿಸಿ ಅಮೆರಿಕದಲ್ಲೇ ಮುಗಿಸುತ್ತಿದ್ದೆ. ಲಿಂಕನ್, 1863, ವಿಮೋಚನಾ ಘೋಷಣೆ. ನಿಮ್ಮಲ್ಲಿ ಅನೇಕರು ಬಾಯಿಪಾಠ ಮಾಡಿ ಒಪ್ಪಿಸಿದ್ದೀರಿ. ದುದ್ದದಿಂದ ಒಂದು ರಾತ್ರಿಯ ಬಸ್ ಪ್ರಯಾಣದಷ್ಟು ದೂರದಲ್ಲಿಯೇ ಆಫ್ರಿಕದ ಮನುಷ್ಯರನ್ನು ಹರಾಜು ಹಾಕಿದ ಬೀದಿಯೊಂದಿದೆ ಎಂದು ನಾನು ಹೇಳಲೇ ಇಲ್ಲ. ಆ ಲೋಪವನ್ನು ಈಗಲಾದರೂ ತಿದ್ದಿಕೊಳ್ಳುತ್ತೇನೆ.

ಹಳೇ ಗೋವೆಯಲ್ಲಿ, ಮಾಂಡೋವಿ ದಂಡೆಯ ಮೇಲೆ ಇಂದು ವೈಸರಾಯ್ ಕಮಾನು ನಿಂತಿರುವ ಕಡೆಯಿಂದ ಊರೊಳಕ್ಕೆ ಸಾಗುತ್ತಿದ್ದುದು 'ರುವಾ ದಿರೈತಾ', ಎಂದರೆ ನೇರ ಬೀದಿ. 1583ರಲ್ಲಿ ಆರ್ಚ್‌ಬಿಷಪ್ಪರ ಕಾರ್ಯದರ್ಶಿಯಾಗಿ ಗೋವೆಗೆ ಬಂದ ಡಚ್ಚರ ಲಿನ್ಸ್‌ಕೋಟನ್ ಎಂಬಾತ ತಾನು ಕಂಡದ್ದನ್ನು ಬರೆದಿಟ್ಟ; ಗ್ರಂಥ 1596ರಲ್ಲಿ ಅಚ್ಚಾಯಿತು. ಪ್ರತಿದಿನ ಬೆಳಿಗ್ಗೆ ಆ ಬೀದಿಯಲ್ಲಿ ಹರಾಜು. ಅರಬ್ಬೀ ಕುದುರೆ, ಸಾಂಬಾರ ಪದಾರ್ಥ, ರತ್ನಗಂಬಳಿಗಳ ಜೊತೆಗೆ ಗಂಡಸರು, ಹೆಂಗಸರು, ಮುದುಕರು, ಮಕ್ಕಳು ಎಲ್ಲರೂ ಮಾರಾಟಕ್ಕೆ. ಭಾನುವಾರ ಮತ್ತು ಹಬ್ಬದ ದಿನ ಮಾತ್ರ ವ್ಯಾಪಾರವಿರಲಿಲ್ಲವಂತೆ. ಎಂಥ ದೈವಭಕ್ತಿ ನೋಡಿ!

ಮೊಜಾಂಬಿಕ್ ಕಡೆಯಿಂದ ಹೀಗೆ ಬಂದವರಲ್ಲಿ ಹಲವರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡು ಸೀಮೆಯ ಸಿದ್ದಿಗಳಲ್ಲಿ ಬಹುಪಾಲು ಜನರ ಪೂರ್ವಿಕರು ಇವರೇ. ಅದೇ ಕಾಲದಲ್ಲಿ ಬಿಜಾಪುರದಲ್ಲಿ ದಿಲಾವರ್ ಖಾನ್ ಎಂಬ ಹಬ್ಶಿ ರಾಜ್ಯದ ಆಡಳಿತವನ್ನೇ ಕೈಯಲ್ಲಿ ಹಿಡಿದಿದ್ದನೆಂಬುದು ಚರಿತ್ರೆಯ ಇನ್ನೊಂದು ಮುಖ.

ಕಂಪನಿ ಸರ್ಕಾರ 1843ರ ಐದನೆಯ ಕಾಯ್ದೆಯಿಂದ, ಮನುಷ್ಯನ ಮೇಲೆ ಮನುಷ್ಯನ ಒಡೆತನವನ್ನು ತನ್ನ ನ್ಯಾಯಾಲಯಗಳು ಮಾನ್ಯಮಾಡಬಾರದೆಂದಿತು. ಪೋರ್ಚುಗಲ್ ತನ್ನ ಅಧೀನ ಪ್ರದೇಶಗಳಲ್ಲೆಲ್ಲ ಗುಲಾಮಗಿರಿಯನ್ನು ರದ್ದುಮಾಡಿದ್ದು 1869ರಲ್ಲಿ, ಲಿಂಕನ್ನನ ಘೋಷಣೆಗೂ ಆರು ವರ್ಷ ತಡವಾಗಿ. ನಡುವಿನ ಆ 26 ವರ್ಷ, ಗೋವೆಯ ಗಡಿ ದಾಟಿ ಕಾರವಾರದ ಸೀಮೆಗೆ ಕಾಲಿಟ್ಟವನನ್ನು ತನ್ನ ಸ್ವತ್ತೆಂದು ಕೇಳಲು ಒಡೆಯನಿಗೆ ಈಚೆಯ ನ್ಯಾಯಾಲಯದಲ್ಲಿ ಹಕ್ಕಿರಲಿಲ್ಲ. ಕಾಡುದಾರಿಯ ಕೆಲವು ಹರಿದಾರಿ ನಡಿಗೆಗೆ ಎಷ್ಟು ಬೆಲೆ!

ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆತದ್ದು 2003ರಲ್ಲಿ. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು.

ಇನ್ನೊಂದು ಮಾತನ್ನೂ ಮುಚ್ಚಿಡಲಾರೆ. ನಮ್ಮ ಕಡೆಯ ಜೀತಪದ್ಧತಿಯನ್ನು ನಿಷೇಧಿಸುವ ಕಾಯ್ದೆ ಬಂದದ್ದು 1976ರಲ್ಲಿ. ಜೀತದ ಮನೆಗಳಿಂದ ಬಂದ ಹುಡುಗರೂ ಹಿಂದಿನ ಸಾಲಿನಲ್ಲಿ ಕುಳಿತು, ನಾನು ಹೇಳಿದ ಲಿಂಕನ್ನನ ಪಾಠವನ್ನು ಕೇಳಿಸಿಕೊಂಡು ಸುಮ್ಮನೆ ಎದ್ದುಹೋಗುತ್ತಿದ್ದರು.